ಕೊಳ್ಳೇಗಾಲ ಸೀಮೆಯ ಕಿರುಪ್ರವಾಸ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು ಎರಡು ಮೂರು ದಿನದಲ್ಲಿ ಸುತ್ತಿಬರುವ ಪ್ರವಾಸ. ಉತ್ತರಕ್ಕೆ ಕಾವೇರಿ ಹೊಳೆ, ಪಶ್ಚಿಮಕ್ಕೂ ದಕ್ಷಿಣಕ್ಕೂ ಬಿಳಿಗಿರಿರಂಗನ ಬೆಟ್ಟದ ಸಾಲು, ಪೂರ್ವಕ್ಕೆ ಮಲೆ ಮಹದೇಶ್ವರ, ಅಂದರೆ ಮಾದಪ್ಪನ, ಬೆಟ್ಟದ ಸಾಲು. ಇವುಗಳ ನಡುವಿನ ಬಯಲಲ್ಲಿ ಶಾಗ್ಯ, ಬಂಡಳ್ಳಿ, ಕಾಮಗೆರೆ, ಲೊಕ್ಕನಹಳ್ಳಿಯಂಥ ಊರುಗಳಿವೆ. ಬೆಟ್ಟದಾಚೆ ತಮಿಳುನಾಡು. ನಕ್ಷೆಯ ಮೇಲೆ ಅಂಗೈಯಷ್ಟು ಕಾಣುವ ಈ ಸೀಮೆಯನ್ನು ಒಂದೇ ಹಗಲಲ್ಲಿ ಮುಗಿಸುತ್ತೇವೆಂದು ಹೊರಡುವವರು ಬಹಳ. ಬೆಳಿಗ್ಗೆ ಜಲಪಾತ, ಮಧ್ಯಾಹ್ನ ಬಿಳಿಗಿರಿ, ಸಂಜೆಗೆ ಮಾದಪ್ಪನ ಬೆಟ್ಟ ಎಂದು ಲೆಕ್ಕ ಹಾಕಿ ಬಂದವರು ಮೂರನ್ನೂ ಕಾರಿನ ಕಿಟಕಿಯಿಂದ ನೋಡಿ ಹಿಂತಿರುಗುತ್ತಾರೆ.

ಇಲ್ಲಿಯ ಜನ ಈ ದಾರಿಗಳಲ್ಲಿ ಓಡಾಡುವ ಕ್ರಮವೇ ಬೇರೆ. ಅವರು ಮಾದಪ್ಪನ ಒಕ್ಕಲು, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಒಕ್ಕಲು, ಬಿಳಿಗಿರಿ ರಂಗಪ್ಪನ ಒಕ್ಕಲು. ಒಂದೇ ಮನೆಯವರು ಎರಡು ದೇವರಿಗೆ ನಡೆದುಕೊಳ್ಳುವುದೂ ಉಂಟು. ಯಾವ ತಿಂಗಳಲ್ಲಿ ಯಾವ ಬೆಟ್ಟಕ್ಕೆ ಹೋಗಬೇಕು, ಎಲ್ಲಿ ಇಳಿದು ನಡೆಯಬೇಕು, ಎಲ್ಲಿ ಒಲೆ ಹೂಡಬೇಕು ಎಂಬುದೆಲ್ಲ ತಲೆಮಾರುಗಳಿಂದ ಗೊತ್ತಾಗಿರುವ ಸಂಗತಿ. ಹೊರಗಿನ ಪ್ರವಾಸಿ ತನ್ನ ದಿನಗಳನ್ನು ಹಂಚಿಕೊಳ್ಳಲು ಈ ಪರಸೆಯ ದಾರಿಗಳಿಗಿಂತ ಒಳ್ಳೆಯ ಆಧಾರ ಸಿಗುವುದಿಲ್ಲ. ಅವರ ಪಾಠ ಸರಳವಾದದ್ದು: ಒಂದು ದಿನಕ್ಕೆ ಒಂದು ಬೆಟ್ಟ.

ಗಡಿಗಳ ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮುಂದೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗೆ ಇಂದು ಬಸ್ಸಿನಲ್ಲಿ ಅರ್ಧ ಗಂಟೆಯ ಅಂತರದಲ್ಲಿರುವ ಎರಡು ಊರುಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಎರಡು ಬೇರೆ ಆಡಳಿತಗಳಲ್ಲಿದ್ದವು. ಮಾದಪ್ಪನ ಬೆಟ್ಟವೂ ಮದ್ರಾಸಿನ ಕಡೆಗೇ ಇತ್ತು. ಮೈಸೂರು ಸೀಮೆಯ ಒಕ್ಕಲುಗಳು ಗಡಿ ದಾಟಿಯೇ ತಮ್ಮ ದೇವರ ಬಳಿ ಹೋಗುತ್ತಿದ್ದರು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ, ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಶಾಗ್ಯ ಮೊದಲಾದ ಹಳ್ಳಿಗಳು ಸೇರಿರುವ ಹನೂರು, ಕೊಳ್ಳೇಗಾಲದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದದ್ದು ಈಚಿನ ವರ್ಷಗಳಲ್ಲಿ.

ಹಳೆಯ ಗಡಿಯ ಗುರುತು ಇನ್ನೂ ಮಾಸಿಲ್ಲ. ಹನೂರು ತಾಲ್ಲೂಕಿನ ಮೂಡಣ ಹಳ್ಳಿಗಳಲ್ಲಿ ಕನ್ನಡದಷ್ಟೇ ತಮಿಳೂ ಕಿವಿಗೆ ಬೀಳುತ್ತದೆ. ಮಾರ್ಟಳ್ಳಿಯಲ್ಲಿ ತಮಿಳು ಮಾತಾಡುವ ಕ್ಯಾಥೊಲಿಕ್ ಕ್ರೈಸ್ತರ ದೊಡ್ಡ ನೆಲೆಯಿದೆ. ಮಹದೇಶ್ವರನ ಭಕ್ತರಲ್ಲೂ ತಮಿಳುನಾಡಿನವರ ಸಂಖ್ಯೆ ದೊಡ್ಡದು.

ದಾರಿ ಮತ್ತು ತಂಗುದಾಣ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮೂಲಕ ಬರುವ ರಾಷ್ಟ್ರೀಯ ಹೆದ್ದಾರಿ 948 ಕೊಳ್ಳೇಗಾಲ, ಯಳಂದೂರುಗಳನ್ನು ಹಾದು ಚಾಮರಾಜನಗರದ ಮೇಲೆ ಕೊಯಮತ್ತೂರಿನ ಕಡೆಗೆ ಹೋಗುತ್ತದೆ. ಬೆಂಗಳೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 140 ಕಿ.ಮೀ., ಮೈಸೂರಿನಿಂದ 60 ಕಿ.ಮೀ.ಗೆ ತುಸು ಹೆಚ್ಚು. ಕೊಳ್ಳೇಗಾಲದಿಂದ ಯಳಂದೂರು 16 ಕಿ.ಮೀ., ಅಲ್ಲಿಂದ ಬಿಳಿಗಿರಿರಂಗನ ಬೆಟ್ಟ 24 ಕಿ.ಮೀ. ಆಸುಪಾಸು. ಇನ್ನೊಂದು ದಿಕ್ಕಿನಲ್ಲಿ ಹನೂರು ಸುಮಾರು 25 ಕಿ.ಮೀ., ಮಹದೇಶ್ವರ ಬೆಟ್ಟ 80 ಕಿ.ಮೀ.ಗೆ ಹತ್ತಿರ. ಎರಡು ಬೆಟ್ಟಗಳ ನಡುವೆ ಪ್ರವಾಸಿಗೆ ಒದಗುವ ಅಡ್ಡದಾರಿಯಿಲ್ಲ. ಒಂದನ್ನು ಇಳಿದು, ಕೊಳ್ಳೇಗಾಲಕ್ಕೆ ಬಂದು, ಇನ್ನೊಂದನ್ನು ಹತ್ತಬೇಕು. ಈ ಸುತ್ತು 120 ಕಿ.ಮೀ. ಮುಟ್ಟುತ್ತದೆ, ಅದರಲ್ಲಿ ದೊಡ್ಡ ಪಾಲು ಘಾಟಿ ಮತ್ತು ಕಾಡಿನ ರಸ್ತೆ.

ರೈಲು ಇಲ್ಲ. ಚಾಮರಾಜನಗರಕ್ಕೋ ಮೈಸೂರಿಗೋ ಬಂದಿಳಿದು ಬಸ್ಸು ಹಿಡಿಯಬೇಕು. ಬಸ್ಸಿಗೆ ಮಾತ್ರ ಕೊರತೆಯಿಲ್ಲ. ಮಹದೇಶ್ವರ ಬೆಟ್ಟಕ್ಕೆ ಬೆಂಗಳೂರು, ಮೈಸೂರುಗಳಿಂದ ನೇರ ಬಸ್ಸುಗಳಿವೆ, ಅಮಾವಾಸ್ಯೆಗೆ ಹೆಚ್ಚುವರಿ ಬಸ್ಸುಗಳನ್ನೂ ಬಿಡುತ್ತಾರೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಈ ದಾರಿಯ ಬಸ್ಸುಗಳಲ್ಲಿ ಹೆಂಗಸರ ಗುಂಪುಗಳು ಹೆಚ್ಚಿವೆ. ಗಂಡಸರ ಬಿಡುವಿಗೆ ಕಾಯದೆ ಅಕ್ಕತಂಗಿಯರು, ಓರಗಿತ್ತಿಯರು ತಾವೇ ಕೂಡಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೊರಡುವುದು ಈಗ ಸಾಮಾನ್ಯ ನೋಟ. ಈ ಸೀಮೆಯ ಪ್ರವಾಸದ ಚರಿತ್ರೆಯಲ್ಲಿ ಇದು ಹೊಸ ರಸ್ತೆಗಳಿಗಿಂತ ದೊಡ್ಡ ಬದಲಾವಣೆ.

ತಂಗಲು ಎರಡು ಬಗೆ. ಕೊಳ್ಳೇಗಾಲದಲ್ಲಿ ಕೋಣೆ ಹಿಡಿದು ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದು ಸುಲಭದ ಬಗೆ. ಮೊದಲ ರಾತ್ರಿ ಕೊಳ್ಳೇಗಾಲದಲ್ಲಿ, ಎರಡನೆಯ ರಾತ್ರಿ ಮಹದೇಶ್ವರ ಬೆಟ್ಟದ ಮೇಲೆ ಉಳಿಯುವುದು ಇನ್ನೂ ಮೇಲು. ಬೆಟ್ಟದ ನಿಜವಾದ ಹೊತ್ತು ಬೆಳಗಿನ ಜಾವದ್ದು, ಹಗಲಿನ ಬಸ್ಸಿನಲ್ಲಿ ಬಂದು ಹೋಗುವವರಿಗೆ ಅದು ದಕ್ಕುವುದಿಲ್ಲ. ಮೇಲೆ ಕ್ಷೇತ್ರದ ಪ್ರಾಧಿಕಾರದ ವಸತಿಗೃಹಗಳಿವೆ.

ಯಳಂದೂರು

ಮೊದಲ ದಿನವನ್ನು ಯಳಂದೂರು ಮತ್ತು ಬಿಳಿಗಿರಿಗೆ ಇಡುವುದು ಒಳ್ಳೆಯದು. ಬೆಟ್ಟಕ್ಕೆ ಹೋಗುವ ಅವಸರದಲ್ಲಿ ಯಳಂದೂರನ್ನು ಟೀ ಕುಡಿಯುವ ಊರು ಮಾಡಿಕೊಂಡು ಮುಂದೆ ಸಾಗುವವರೇ ಹೆಚ್ಚು. ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದಾದ ಇದು ಕನ್ನಡ ಸಾಹಿತ್ಯಕ್ಕೆ ಕೊಟ್ಟದ್ದು ಅದರ ಅಳತೆಗೆ ಮೀರಿದ್ದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಂಚಿಯ ಊಳಿಗದಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಯಳಂದೂರಿನವಳು. ಅದೇ ದೊರೆಯ ಮಂತ್ರಿ ವಿಶಾಲಾಕ್ಷ ಪಂಡಿತನೂ ಇಲ್ಲಿಯವನು. ‘ರಾಜಶೇಖರ ವಿಳಾಸ’ದ ಕವಿ ಷಡಕ್ಷರದೇವನ ಗದ್ದುಗೆ ಇಲ್ಲಿದೆ. ಮೈಸೂರು ಅರಸರನ್ನು ಕುರಿತು ‘ವಿಗಡ ವಿಕ್ರಮರಾಯ’ದಂಥ ನಾಟಕಗಳನ್ನು ಬರೆದ ಸಂಸ (1898–1939) ಹುಟ್ಟಿದ್ದು ಈ ತಾಲ್ಲೂಕಿನ ಅಗರದಲ್ಲಿ. ಇಷ್ಟೊಂದು ಹೆಸರುಗಳು ಒಂದು ಚಿಕ್ಕ ಪೇಟೆಯ ಸುತ್ತ ಕೂಡಿಬಂದಿದ್ದರೂ ಅವನ್ನು ಒಟ್ಟಿಗೆ ನೆನೆಯುವಂಥ ಒಂದು ತಾಣ ಬಂದವರ ಕಣ್ಣಿಗೆ ಬೀಳುವಂತಿಲ್ಲದಿರುವುದು ಬೇಸರದ ಸಂಗತಿ.

ಊರ ನಡುವಿನ ಗೌರೀಶ್ವರ ದೇವಾಲಯವನ್ನು ಸುಮಾರು 1500ರ ಹೊತ್ತಿಗೆ ಹದಿನಾಡಿನ ಪಾಳೆಯಗಾರ ಸಿಂಗದೇಪ ಕಟ್ಟಿಸಿದ. ಮುಂದಿನ ಮಹಾದ್ವಾರ ಅವನ ವಂಶದವರು 17ನೇ ಶತಮಾನದ ನಡುವಿನಲ್ಲಿ ಸೇರಿಸಿದ್ದು. ಜನ ಅದನ್ನು ಬಳೆಮಂಟಪ ಎನ್ನುತ್ತಾರೆ. ಮೂಲೆಗಳಲ್ಲಿ ಮೇಲಿನಿಂದ ಇಳಿಬಿದ್ದ ಕಲ್ಲಿನ ಬಳೆಗಳ ಸರಪಳಿಯೇ ಹೆಸರಿಗೆ ಕಾರಣ. ಒಂದು ಬಳೆಯೊಳಗೆ ಇನ್ನೊಂದು ಬಳೆ, ಎಲ್ಲೂ ಬೆಸುಗೆಯಿಲ್ಲ, ಕೂಡಿಸಿದ ಗುರುತಿಲ್ಲ. ಒಂದೇ ಕಲ್ಲನ್ನು ಒಳಗಿನಿಂದ ಕೊರೆಯುತ್ತ ಬಳೆಯಿಂದ ಬಳೆಯನ್ನು ಬಿಡಿಸಿದ್ದಾರೆ. ಉಳಿಯ ಏಟು ಒಂದು ಕಡೆ ಹೆಚ್ಚಾಗಿದ್ದರೂ ಸರಪಳಿಯೇ ತುಂಡಾಗುತ್ತಿತ್ತು. ಗೋಡೆಯ ಮೇಲಿನ ಉಬ್ಬುಶಿಲ್ಪಗಳನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು, ನೆತ್ತಿಯ ಬಿಸಿಲಿಗೆ ಅವು ಗೋಡೆಯಲ್ಲೇ ಮುಳುಗಿಹೋಗುತ್ತವೆ. ಪೂರ್ಣಯ್ಯನವರ ವಂಶದ ಜಹಗೀರುದಾರರ ಬಂಗಲೆಯೂ ಊರಲ್ಲಿಯೇ ಇದೆ. ಪಕ್ಕದಲ್ಲಿ ಹರಿಯುವ ಸುವರ್ಣಾವತಿ, ಜನರ ಬಾಯಲ್ಲಿ ಹೊನ್ನುಹೊಳೆ, ಮುಂದೆ ಕೊಳ್ಳೇಗಾಲದ ಬಳಿ ಕಾವೇರಿಯನ್ನು ಕೂಡುತ್ತದೆ.

ಬಿಳಿಗಿರಿರಂಗನ ಬೆಟ್ಟ

ಯಳಂದೂರಿನ ಕಡೆಯಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಕಾಡು ಹೊಗಬೇಕು. ಚಾಮರಾಜನಗರದಿಂದ ಬರುವ ಇನ್ನೊಂದು ದಾರಿ ಕ್ಯಾತದೇವರಗುಡಿಯ ಮೇಲೆ ಬರುತ್ತದೆ. ಅಲ್ಲಿ ಜಂಗಲ್ ಲಾಡ್ಜಸ್‌ನ ವಸತಿಯೂ ಸಫಾರಿಯೂ ಇದೆ. ಇಳಿಹೊತ್ತಿನ ನಂತರ ವಾಹನ ಬಿಡುವುದಿಲ್ಲ, ಹಾಗಾಗಿ ಮೇಲೆ ಉಳಿಯದವರು ಹೊತ್ತು ನೋಡಿಕೊಂಡು ಇಳಿಯಬೇಕು. ಇದು ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳನ್ನು ಕೂಡಿಸುವ ಕಾಡು. ಅರ್ಧ ದಿನದ ದಾರಿಯಲ್ಲಿಯೇ ಕುರುಚಲು, ಎಲೆ ಉದುರುವ ಕಾಡು, ಎತ್ತರದಲ್ಲಿ ಸದಾ ಹಸುರಾದ ಶೋಲೆ, ಹುಲ್ಲುಗಾವಲು ಎಲ್ಲವೂ ಒಂದರ ಹಿಂದೊಂದು ಎದುರಾಗುತ್ತವೆ. 1974ರಲ್ಲಿ ವನ್ಯಧಾಮವಾಗಿ, 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾಯಿತು. ಬ್ರಿಟಿಷರ ಕಾಲದಲ್ಲಿ ಮಾರಿಸ್ ಮನೆತನದವರು ಹೊನ್ನಮೇಟಿಯಲ್ಲಿ ಕಾಫಿ ತೋಟ ಮಾಡಿದ್ದರು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಈ ಬೆಟ್ಟಗಳಲ್ಲೂ ತಿರುಗಾಡಿದರು.

ಬಿಳಿಯ ಬಂಡೆಯ ಅಂಚಿನಲ್ಲಿರುವ ರಂಗನಾಥಸ್ವಾಮಿ ದೇವಾಲಯಕ್ಕೆ ಮೆಟ್ಟಿಲು ಹತ್ತಿ ಹೋಗಬೇಕು. ಭಕ್ತರು ಒಪ್ಪಿಸುವ ದೊಡ್ಡ ಚರ್ಮದ ಪಾದುಕೆಗಳನ್ನು ತಲೆಗೆ ಮುಟ್ಟಿಸಿಕೊಳ್ಳುವುದು ಇಲ್ಲಿಯ ವಾಡಿಕೆ. ಸ್ವಾಮಿ ರಾತ್ರಿ ಕಾಡು ಸುತ್ತುತ್ತಾನೆ, ಅದರಿಂದ ಪಾದುಕೆ ಸವೆಯುತ್ತದೆ ಎಂಬುದು ನಂಬಿಕೆ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ರಂಗಪ್ಪ ತಮ್ಮ ಮನೆಯ ಅಳಿಯ, ಅವರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. ಭಾರ್ಗವಿ ಹಳ್ಳದ ದಂಡೆಯ ದೊಡ್ಡಸಂಪಿಗೆ ಮರವೂ ಅವರ ದೇವರೇ. ನೂರಾರು ವರ್ಷದ ಈ ಮರದ ಬುಡದಲ್ಲಿ ಲಿಂಗಗಳ ಸಾಲಿದೆ. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಒಪ್ಪಿಗೆ ಕೇಳಿಕೊಂಡು ಹೊರಡುವುದು ಕ್ಷೇಮ.

ಸೋಲಿಗರ ಬಗ್ಗೆ ತಿಳಿಯದೆ ಈ ಬೆಟ್ಟ ನೋಡಿದ್ದು ಅರ್ಧವೇ. ವನ್ಯಧಾಮವಾದ ಮೇಲೆ ಕಾಡಿನೊಳಗಿನ ಪೋಡುಗಳೆಂಬ ಹಾಡಿಗಳಿಂದ ಅವರನ್ನು ಅಂಚಿಗೆ ತಂದು ನೆಲೆಗೊಳಿಸಲಾಯಿತು. ಬೇಟೆಯ ಜೊತೆಗೆ ಕಾಡು ಕಡಿದು ರಾಗಿ ಬೆಳೆಯುವ ಅವರ ಬೇಸಾಯವೂ, ನೆಲದ ಕಸಕಡ್ಡಿಗೆ ಕಾಲಕಾಲಕ್ಕೆ ಬೆಂಕಿ ಇಡುವ ರೂಢಿಯೂ ನಿಂತುಹೋದವು. 1981ರಲ್ಲಿ ಡಾ. ಎಚ್. ಸುದರ್ಶನ್ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿ ಆಸ್ಪತ್ರೆ, ಶಾಲೆಗಳನ್ನು ಕಟ್ಟಿದರು. ಆ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ಕೊಯ್ಯುವ ಅವರ ಹಕ್ಕಿನ ಹಿಂದೆ ದೊಡ್ಡ ಹೋರಾಟವಿದೆ. ಪೋಡಿನೊಳಗೆ ಕ್ಯಾಮೆರಾ ಹಿಡಿದು ನುಗ್ಗುವುದು ಸಲ್ಲದು. ಯಾರಾದರೂ ಕರೆದರೆ ಮಾತ್ರ ಹೋಗಬೇಕು.

ದೊಡ್ಡ ಜಾತ್ರೆ ಬೇಸಿಗೆಯಲ್ಲಿ, ವೈಶಾಖ ಮಾಸದಲ್ಲಿ ನಡೆಯುತ್ತದೆ. ಸಂಕ್ರಾಂತಿಯ ಮಗ್ಗುಲಿಗೆ ಚಿಕ್ಕ ಜಾತ್ರೆ. ಕಳ್ಳೆಪುರಿ, ಕಜ್ಜಾಯ ಕಟ್ಟಿಕೊಂಡು ಸುತ್ತಲ ಹಳ್ಳಿಗಳವರು ಬೆಟ್ಟ ಹತ್ತುವ ಆ ದಿನಗಳಲ್ಲಿ ಕಾಡುಪ್ರಾಣಿ ನೋಡುವ ಆಸೆ ಇಟ್ಟುಕೊಳ್ಳಬಾರದು.

ಶಿವನಸಮುದ್ರ

ಕೊಳ್ಳೇಗಾಲದಿಂದ ಸುಮಾರು 15 ಕಿ.ಮೀ. ದೂರದಲ್ಲಿ ಕಾವೇರಿ ಇಬ್ಭಾಗವಾಗಿ ನಡುಗಡ್ಡೆಯನ್ನು ಸುತ್ತುವರಿದು ಧುಮುಕುತ್ತದೆ. ಪಡುವಲ ಕವಲಿನದು ಗಗನಚುಕ್ಕಿ, ಮೂಡಲ ಕವಲಿನದು ಭರಚುಕ್ಕಿ. ಗಗನಚುಕ್ಕಿಯ ವೀಕ್ಷಣಾ ಕಟ್ಟೆ ಮಳವಳ್ಳಿ ತಾಲ್ಲೂಕಿನಲ್ಲಿದೆ, ಭರಚುಕ್ಕಿ ಕೊಳ್ಳೇಗಾಲ ತಾಲ್ಲೂಕಿನದು. ಒಂದರಿಂದ ಇನ್ನೊಂದಕ್ಕೆ ಸತ್ತೇಗಾಲದ ಕಡೆಯಿಂದ ಸುತ್ತಿ ಬರಬೇಕು. ಎರಡರಲ್ಲಿ ಒಂದನ್ನೇ ನೋಡಲು ಹೊತ್ತಿದ್ದರೆ ಭರಚುಕ್ಕಿಯನ್ನು ಆರಿಸಿಕೊಳ್ಳಬಹುದು. ಅಗಲವಾದ ಬಂಡೆಯ ಮೇಲೆ ನೀರು ಹತ್ತಾರು ಎಳೆಯಾಗಿ ಇಳಿಯುವುದನ್ನು ಅಲ್ಲಿ ಹತ್ತಿರದಿಂದ ಕಾಣಬಹುದು. ನೀರಿಗೆ ಇಳಿಯುವುದು ಮಾತ್ರ ಬೇಡ. ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು ದಿಢೀರನೆ ಏರುತ್ತದೆ, ಸುಳಿಗೆ ಸಿಕ್ಕಿ ಜೀವ ಕಳೆದುಕೊಂಡವರು ಅನೇಕರು. ಜುಲೈನಿಂದ ಅಕ್ಟೋಬರ್‌ವರೆಗೆ ಬಂದರೆ ಜಲಪಾತ, ಮಾರ್ಚ್‌ನಲ್ಲಿ ಬಂದರೆ ಬಂಡೆ.

ನೀರು ಕಡಿಮೆಯಾಗುವುದಕ್ಕೆ ಮಳೆಯ ಕೊರತೆಯ ಜೊತೆಗೆ ಇಲ್ಲಿಯ ವಿದ್ಯುತ್ ಕೇಂದ್ರವೂ ಕಾರಣ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಸಿದ್ಧವಾಯಿತು. ಅಮೆರಿಕದ ನಯಾಗರಾ ಜಲಪಾತದಿಂದ ವಿದ್ಯುತ್ ತೆಗೆಯತೊಡಗಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಸಂಸ್ಥಾನದ ಎಂಜಿನಿಯರ್ ಡಿ ಲಾಟ್‌ಬಿನಿಯೆರ್ ಹೊರದೇಶಗಳಿಗೆ ಹೋಗಿ ಈ ವಿದ್ಯೆಯನ್ನು ನೋಡಿಬಂದರು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಭಾರಿ ಯಂತ್ರಭಾಗಗಳನ್ನು ಕಾಡಿನ ಕಡಿದಾದ ದಾರಿಯಲ್ಲಿ ಎತ್ತು, ಆನೆಗಳಿಂದ ಎಳೆಸಿ ತರಬೇಕಾಯಿತು. 1902ರ ಜೂನ್‌ನಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿಯಿತು. ಅಷ್ಟು ಉದ್ದದ ತಂತಿಮಾರ್ಗ ಆ ಕಾಲದ ಪ್ರಪಂಚದಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದ ದೀಪವೂ ಇಲ್ಲಿಯದೇ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರಿಂದ ಇವೆರಡನ್ನೂ ನೋಡಲಿಲ್ಲ.

ನಡುಗಡ್ಡೆಯಲ್ಲಿ ರಂಗನಾಥನ ಗುಡಿಯಿದೆ. ಶ್ರೀರಂಗಪಟ್ಟಣದ್ದು ಆದಿರಂಗ, ಇದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಸೋಮೇಶ್ವರ ದೇವಾಲಯವೂ ಹಜರತ್ ಮರ್ದಾನೆ ಗೈಬ್ ದರ್ಗಾವೂ ಇಲ್ಲಿಯೇ ಇವೆ, ಎಲ್ಲ ಜಾತಿ ಮತದವರೂ ದರ್ಗಾಕ್ಕೆ ಬಂದು ಹರಕೆ ತೀರಿಸುತ್ತಾರೆ. 19ನೇ ಶತಮಾನದ ಮೊದಲ ಭಾಗದಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ ಸ್ಥಳೀಯ ಕೆಲಸಗಾರರಿಂದ ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ಹಳೆಯ ಸೇತುವೆಯನ್ನು ಜನ ವೆಸ್ಲಿ ಸೇತುವೆ ಎನ್ನುತ್ತಾರೆ. 2018ರ ಆಗಸ್ಟ್ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಉಳಿದ ಕಂಬಗಳ ಸಾಲು ಈಗಲೂ ನೋಡುವಂತಿದೆ.

ಕೊಳ್ಳೇಗಾಲ ಪೇಟೆ

ಕೊಳ್ಳೇಗಾಲವೆಂದರೆ ಮಾಟಮಂತ್ರ ಎಂಬ ಮಾತನ್ನು ಸಿನಿಮಾಗಳೂ ಹರಟೆಕಟ್ಟೆಗಳೂ ನಾಡಿನ ತುಂಬ ಹಬ್ಬಿಸಿವೆ. ಅದನ್ನೇ ಹುಡುಕಿಕೊಂಡು ಬಂದು ಹಣ ಕಳೆದುಕೊಳ್ಳುವವರೂ ಇದ್ದಾರೆ. ಊರಿನವರಿಗೆ ಈ ಹೆಸರು ನೋವಿನದು. ಊರು ಬದುಕಿದ್ದು ರೇಷ್ಮೆಯಿಂದ. ಹಿಂದಿನ ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆ ಕೃಷಿಯ ಮುಖ್ಯ ನೆಲೆಯೇ ಕೊಳ್ಳೇಗಾಲ ತಾಲ್ಲೂಕು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು, ಮನೆಯ ಹಜಾರದಲ್ಲಿ ಹುಳು, ಚಂದ್ರಿಕೆಯ ಮೇಲೆ ಗೂಡು, ಪೇಟೆಯಲ್ಲಿ ಬಿಚ್ಚಾಣಿಕೆ, ದೇವಾಂಗರ ಕೇರಿಯಲ್ಲಿ ಮಗ್ಗ, ಹೀಗೆ ಸೊಪ್ಪಿನಿಂದ ಸೀರೆಯವರೆಗಿನ ಎಲ್ಲ ಕೆಲಸವೂ ಒಂದೇ ಸೀಮೆಯಲ್ಲಿ ನಡೆಯುತ್ತಿತ್ತು, ಈಗಲೂ ಅದರ ಬಹುಪಾಲು ಉಳಿದಿದೆ.

ಬಿಚ್ಚಾಣಿಕೆ ನಡೆಯುವ ಒಂದು ಮನೆಯ ಮುಂದೆ ನಿಂತು ಕೇಳಿಕೊಂಡರೆ ಒಳಗೆ ಬಿಡುತ್ತಾರೆ. ಕಾದ ನೀರಿನ ತೊಟ್ಟಿಯಲ್ಲಿ ಗೂಡುಗಳು ಹೊರಳಾಡುತ್ತಿರುತ್ತವೆ. ಕೆಲಸದ ಹೆಂಗಸು ಕಡ್ಡಿಯಿಂದ ಕೆದಕಿ, ಕಣ್ಣಿಗೆ ಸರಿಯಾಗಿ ಕಾಣದ ಎಳೆಗಳ ತುದಿಗಳನ್ನು ಬೆರಳಿಗೆ ಹಿಡಿದು, ಕೆಲವನ್ನು ಸೇರಿಸಿ ಒಂದು ನೂಲಾಗಿ ಚರಕಕ್ಕೆ ಕೊಡುತ್ತಾಳೆ. ಒಂದು ಗೂಡು ಮುಗಿದ ಕ್ಷಣಕ್ಕೆ ಇನ್ನೊಂದರ ಎಳೆ ಸೇರಬೇಕು, ತಡವಾದರೆ ನೂಲು ತೆಳುವಾಗುತ್ತದೆ. ಬಿಸಿನೀರಿನಲ್ಲಿ ದಿನವಿಡೀ ನೆನೆದ ಬೆರಳುಗಳ ಚರ್ಮ ಸುಲಿದಿರುತ್ತದೆ. ಸೀರೆಯ ಅಂಗಡಿಗೆ ಹೋಗುವ ಮುಂಚೆ ಇದನ್ನು ನೋಡಿದವರು ಬೆಲೆ ಚೌಕಾಸಿ ಮಾಡುವಾಗ ಸ್ವಲ್ಪ ತಡೆಯುತ್ತಾರೆ. ಸಂಜೆಗೆ ಪೇಟೆಯ ನೆತ್ತಿಯ ಮೇಲಿರುವ ಮರಡಿಗುಡ್ಡ ಹತ್ತಿದರೆ ಊರೂ ಗದ್ದೆ ಬಯಲೂ ಕಾಣುತ್ತವೆ.

ಮಾದಪ್ಪನ ಬೆಟ್ಟ

ಎರಡನೆಯ ದಿನ ಪೂರ್ತಿ ಇದಕ್ಕೇ ಮೀಸಲು. ಕಾಮಗೆರೆ, ಹನೂರು, ಕೌದಳ್ಳಿ ದಾಟಿದ ಮೇಲೆ ತಾಳಬೆಟ್ಟ. ಅಲ್ಲಿಂದ ಘಾಟಿ ಶುರು. ಹರಕೆ ಹೊತ್ತವರು ಇಲ್ಲಿ ಬಸ್ಸಿಳಿದು ಪೂಜೆ ಮಾಡಿ ಬರಿಗಾಲಲ್ಲಿ ನಡೆಯುತ್ತಾರೆ. ಹಬ್ಬದ ಹಿಂದಿನ ರಾತ್ರಿ ಇಡೀ ರಸ್ತೆಯ ಅಂಚಿನಲ್ಲಿ ಜನರ ಸಾಲಿರುತ್ತದೆ, ಕಾರು ಓಡಿಸುವವರು ಬಲು ನಿಧಾನವಾಗಿ ಹೋಗಬೇಕು. ಈ ಕಾಡೂ ಆನೆ, ಚಿರತೆ, ಹುಲಿಗಳದ್ದು. 2013ರಲ್ಲಿ ಸುಮಾರು 906 ಚ.ಕಿ.ಮೀ. ಕಾಡನ್ನು ಮಲೆ ಮಹದೇಶ್ವರ ವನ್ಯಧಾಮವೆಂದು ಘೋಷಿಸಲಾಯಿತು. 2025ರ ಜೂನ್‌ನಲ್ಲಿ ಇಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದವು. ದನ ಸಾಕುವವರ ನಷ್ಟ ಮತ್ತು ಹುಲಿಯ ಉಳಿವು ಎರಡನ್ನೂ ಒಟ್ಟಿಗೆ ನಿಭಾಯಿಸುವ ದಾರಿ ಈ ಸೀಮೆಗೆ ತುರ್ತಾಗಿ ಬೇಕಾಗಿದೆ.

ಎಪ್ಪತ್ತೇಳು ಮಲೆಗಳ ಒಡೆಯ ಎನ್ನಿಸಿಕೊಂಡ ಮಹದೇಶ್ವರನನ್ನು ಚರಿತ್ರಕಾರರು 14–15ನೇ ಶತಮಾನದ ಸಂತನೆಂದು ಎಣಿಸುತ್ತಾರೆ. ಸುತ್ತೂರು, ಕುಂತೂರು ಮಠಗಳನ್ನು ಹಾದು ಮಲೆಗೆ ಬಂದ ಅವನು ಹುಲಿಯನ್ನು ವಾಹನ ಮಾಡಿಕೊಂಡ, ದೇವತೆಗಳನ್ನು ಸೆರೆಯಿಟ್ಟ ಶ್ರವಣ ದೊರೆಯನ್ನು ಅಳಿಸಿದ, ಸಂಕಮ್ಮನ ಸತ್ಯವನ್ನು ಕಾಪಾಡಿದ, ಆಲಂಬಾಡಿ ಜುಂಜೇಗೌಡನಿಂದ ಗುಡಿ ಕಟ್ಟಿಸಿಕೊಂಡ. ಇವೆಲ್ಲ ರಾತ್ರಿಗಟ್ಟಲೆ ಹಾಡುವ ಮಹಾಕಾವ್ಯದ ಕವಲುಗಳು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಪಾಠ 1973ರಲ್ಲಿ ಅಚ್ಚಾಯಿತು. ಹಾಡುವವರು ದೇವರಗುಡ್ಡರು, ಅವರ ಕೈಯಲ್ಲಿ ಕಂಸಾಳೆ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯ ದಾರದ ತುದಿಯಲ್ಲಿ ತಟ್ಟೆಯಂಥದು. ಕೂತು ಹಾಡುವಾಗ ಅದು ಲಯಕ್ಕಷ್ಟೇ. ಬೀಸು ಕಂಸಾಳೆಗೆ ನಿಂತರೆ ದಾರದ ತಾಳ ಬೆನ್ನ ಹಿಂದೆ, ತಲೆಯ ಮೇಲೆ, ಕಾಲ ಸಂದಿಯಲ್ಲಿ ಸುತ್ತಿ ಬಂದು ಪ್ರತಿ ಸಲವೂ ಬಟ್ಟಲಿಗೇ ಬಡಿಯಬೇಕು. ಒಂದು ಬೆರಳಷ್ಟು ತಪ್ಪಿದರೂ ಪಕ್ಕದವನ ಮೈಗೆ ತಗಲುತ್ತದೆ. ವೇದಿಕೆಯ ಮೇಲೆ ಇದನ್ನು ನಾಡೆಲ್ಲ ನೋಡಿದೆ, ಬೆಟ್ಟದ ಅಂಗಳದಲ್ಲಿ ಒಕ್ಕಲುಗಳ ನಡುವೆ ಕೇಳುವುದೇ ಬೇರೆ ಅನುಭವ.

ಪೂಜೆ ಬೇಡಗಂಪಣ ಸಮುದಾಯದ ಅರ್ಚಕರದ್ದು. ಎಣ್ಣೆಮಜ್ಜನ, ಮುಡಿಸೇವೆ, ಉರುಳುಸೇವೆ, ಪಂಜಿನಸೇವೆ, ಹುಲಿವಾಹನ ಸೇವೆಗಳಿಗೆ ಜನ ಬರುತ್ತಾರೆ. ದೇವಾಲಯದ ದಾಸೋಹದಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು. ದೀಪಾವಳಿಯ ಹಾಲರವೆ ಈ ಬೆಟ್ಟದ ಅತಿ ಸುಂದರ ಆಚರಣೆ. ಉಪವಾಸವಿದ್ದ 101 ಬೇಡಗಂಪಣ ಹೆಣ್ಣುಮಕ್ಕಳು ಹಾಲಹಳ್ಳದಿಂದ ತಲೆಯ ಮೇಲೆ ನೀರು ಹೊತ್ತು ಕಾಡುದಾರಿಯಲ್ಲಿ ಸಾಲಾಗಿ ಬಂದು ಮಾದಪ್ಪನಿಗೆ ಮಜ್ಜನ ಮಾಡಿಸುತ್ತಾರೆ. ಅಂದು ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದರೂ ನೋಡಲೇಬೇಕಾದದ್ದು. ಶಿವರಾತ್ರಿ, ಯುಗಾದಿಗೂ ದೊಡ್ಡ ಜಾತ್ರೆ. ಪ್ರತಿ ಅಮಾವಾಸ್ಯೆಗೆ, ಸೋಮವಾರಗಳಿಗೆ ನೂಕುನುಗ್ಗಲು. ಸಮಾಧಾನದಿಂದ ನೋಡಬೇಕೆಂದರೆ ವಾರದ ನಡುವಿನ ದಿನ ಆರಿಸಿಕೊಳ್ಳಬೇಕು. 2023ರಲ್ಲಿ ಅನಾವರಣಗೊಂಡ 108 ಅಡಿಯ ಹುಲಿವಾಹನ ಮಹದೇಶ್ವರ ಮೂರ್ತಿ ದೂರದಿಂದಲೇ ಕಾಣುತ್ತದೆ. ನಾಗಮಲೆಗೆ ಕಾಲ್ನಡಿಗೆಯಲ್ಲಿ ಹೋಗಬೇಕೆನ್ನುವವರು ಅರಣ್ಯ ಇಲಾಖೆಯ ಆಗಿನ ನಿಯಮ ವಿಚಾರಿಸಿಕೊಳ್ಳಬೇಕು. ಬೆಟ್ಟದ ಸೋಲಿಗರು ಲಂಟಾನ ಕಡ್ಡಿಯಿಂದ ಮಾಡುವ ಕುರ್ಚಿ, ಬುಟ್ಟಿಗಳು ಕೊಳ್ಳುವಂಥವು. ಕಾಡನ್ನು ನುಂಗುತ್ತಿರುವ ಕಳೆಯೇ ಅಲ್ಲಿ ಕೈಕಸುಬಾಗಿದೆ.

ಚಿಕ್ಕಲ್ಲೂರು

ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆಯಿದೆ. ಜನಪದ ಸಂತ ಮಂಟೇಸ್ವಾಮಿಯ ಶಿಷ್ಯನಾದ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡಿ ಗೆದ್ದ ಕಥೆಯನ್ನು ನೀಲಗಾರರು ತಂಬೂರಿ, ಗಗ್ಗರಗಳೊಡನೆ ಹಾಡುತ್ತಾರೆ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕದ ಮೂಲವೂ ಈ ಪರಂಪರೆಯೇ. ಉಳಿದ ದಿನಗಳಲ್ಲಿ ಮೌನವಾಗಿರುವ ಊರು ಬನದ ಹುಣ್ಣಿಮೆಯಿಂದ ಐದು ದಿನ ಲಕ್ಷಾಂತರ ಜನರ ಬೀಡಾಗುತ್ತದೆ. ಮೊದಲ ರಾತ್ರಿ ಬೊಪ್ಪೇಗೌಡನಪುರ ಮಠದವರ ಸಮ್ಮುಖದಲ್ಲಿ, ಬಿದಿರಿನಿಂದ ಕಟ್ಟಿ ಬಟ್ಟೆ ಸುತ್ತಿದ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ಉರಿದೀತೋ ಆ ದಿಕ್ಕಿನ ಸೀಮೆಗೆ ಆ ವರ್ಷ ಮಳೆಬೆಳೆ ಚೆನ್ನ ಎಂದು ರೈತರು ನಂಬುತ್ತಾರೆ. ಆಮೇಲೆ ದೊಡ್ಡವರ ಸೇವೆ, ಮುಡಿಸೇವೆ, ನಾಲ್ಕನೆಯ ದಿನ ಪಂಕ್ತಿಸೇವೆ, ಕೊನೆಗೆ ಮುತ್ತುರಾಯನ ಸೇವೆ. ಪಂಕ್ತಿಸೇವೆಯಲ್ಲಿ ಎಲ್ಲ ಜಾತಿಯವರು ಬಯಲಲ್ಲಿ ಬಿಡಾರ ಹೂಡಿ, ಮಾಂಸದಡುಗೆ ಮಾಡಿ, ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಟ್ಟು ಆಡಳಿತ ಇದಕ್ಕೆ ಅಡ್ಡಿ ಹಾಕುತ್ತ ಬಂದಿದೆ. ಇದು ಬಲಿಯಲ್ಲ, ಸಹಪಂಕ್ತಿ ಊಟ ಎಂಬುದು ಒಕ್ಕಲುಗಳ ವಾದ. ಜಾತಿ ಮರೆತು ಕೂತು ಉಣ್ಣುವ ಇಷ್ಟು ದೊಡ್ಡ ಪಂಕ್ತಿ ನಾಡಿನಲ್ಲಿ ಬೇರೆಲ್ಲೂ ಸಿಗುವುದು ಕಷ್ಟ. ಜನವರಿಯಲ್ಲಿ ಪ್ರವಾಸ ಹೂಡುವವರು ಜಲಪಾತವನ್ನಾದರೂ ಬಿಟ್ಟು ಇಲ್ಲಿಗೆ ಒಂದು ದಿನ ಕೊಡಬೇಕು.

ಮೂರನೆಯ ದಿನವಿದ್ದರೆ

ಮಹದೇಶ್ವರ ಬೆಟ್ಟದಲ್ಲಿ ಉಳಿದವರು ಪಾಲಾರ್ ಕಡೆಗೆ ಇಳಿದು ಗೋಪಿನಾಥಂ ಮೂಲಕ ಹೊಗೇನಕಲ್ ಜಲಪಾತ ತಲುಪಬಹುದು. ಗೋಪಿನಾಥಂ ಕಾಡುಗಳ್ಳ ವೀರಪ್ಪನ್‌ನ ಊರು. ಈ ದಾರಿಯಲ್ಲಿ ಅವನ ಕಥೆಗಳನ್ನು ರೋಚಕವಾಗಿ ಹೇಳುವವರು ಸಿಗುತ್ತಾರೆ, ಅವನ ಕೈಯಲ್ಲಿ ಸತ್ತವರನ್ನು ನೆನೆಯುವವರು ಕಡಿಮೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲೇ ನೆಲೆಸಿ, ಜನರಿಗೆ ಔಷಧೋಪಚಾರ ಮಾಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿ ಊರಿನವರ ಮನಸ್ಸು ಗೆದ್ದಿದ್ದರು. 1991ರ ನವೆಂಬರ್ 10ರಂದು ಶರಣಾಗುವೆನೆಂದು ನಂಬಿಸಿ ಕರೆಸಿಕೊಂಡ ವೀರಪ್ಪನ್ ಅವರನ್ನು ಕೊಂದ. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಊರಿನವರು ಇಂದಿಗೂ ಅವರನ್ನು ಪೂಜಿಸುತ್ತಾರೆ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ತಂಡದ ಮೇಲೆ ದಾಳಿ ನಡೆಯಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. 2002ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ಅಪಹರಿಸಲಾಯಿತು, ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ ಮೇಲೆಯೇ ಈ ಸೀಮೆಯ ರಾತ್ರಿ ಬಸ್ಸುಗಳಿಗೂ ಹಳ್ಳಿಗಳಿಗೂ ಉಸಿರು ಬಂದದ್ದು. ಇಲ್ಲಿಯ ಪ್ರವಾಸೋದ್ಯಮಕ್ಕೆ ಆದ್ದರಿಂದ ಇಪ್ಪತ್ತು ವರ್ಷಗಳಷ್ಟೇ ವಯಸ್ಸು.

ಹಿಂತಿರುಗುವ ದಾರಿಯಲ್ಲಿ ಇನ್ನೊಂದು ಆಯ್ಕೆ ಲೊಕ್ಕನಹಳ್ಳಿಯ ಆಚೆಗಿನ ಒಡೆಯರಪಾಳ್ಯ. 1974ರಲ್ಲಿ ನೆಲೆಯೂರಿದ ಟಿಬೆಟ್ ನಿರಾಶ್ರಿತರ ಧೊಂಡೆನ್‌ಲಿಂಗ್ ಶಿಬಿರ ಇಲ್ಲಿದೆ. ಮುಸುಕಿನ ಜೋಳದ ಹೊಲಗಳ ನಡುವೆ ಜೋಗ್ಚೆನ್ ವಿಹಾರದ ಚಿನ್ನದ ಬಣ್ಣದ ಛಾವಣಿ. ಇನ್ನೊಂದು ಟಿಬೆಟನ್ ನೆಲೆಯಾದ ಬೈಲಕುಪ್ಪೆಯ ಗದ್ದಲ ಇಲ್ಲಿಲ್ಲ.

ಕಾಲ

ಜೂನ್‌ನಲ್ಲಿ ಮುಂಗಾರು ಬಿಳಿಗಿರಿಯ ಪಡುವಣ ಮಗ್ಗುಲನ್ನು ನೆನೆಸುತ್ತದೆ. ಹನೂರಿನ ಕಡೆಗೆ ಹದವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜಲಪಾತ, ಕಾಡು, ಬೆಟ್ಟ ಮೂರೂ ಒಟ್ಟಿಗೆ ಚೆಂದವಾಗಿರುವುದು ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಡಿಗೆ ಬೆಂಕಿಯ ಭಯ, ಆಗ ಅರಣ್ಯ ಇಲಾಖೆ ಕೆಲವು ದಾರಿಗಳನ್ನು ಮುಚ್ಚುತ್ತದೆ. ಹನೂರು ದಾಟಿದ ಮೇಲೆ ಪೆಟ್ರೋಲ್ ಬಂಕು, ಊಟದ ಹೋಟೆಲು ವಿರಳ, ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋಗಿ ಬರುತ್ತಿರುತ್ತದೆ. ಕೋತಿ, ಜಿಂಕೆಗಳಿಗೆ ತಿಂಡಿ ಎಸೆಯುವುದು, ಪ್ಲಾಸ್ಟಿಕ್ ಬಿಸಾಡುವುದು ಎರಡೂ ಬೆಟ್ಟಗಳಲ್ಲಿ ನಿಷಿದ್ಧ. ಎರಡೇ ದಿನ ಇರುವವರು ಹೊಗೇನಕಲ್ಲನ್ನು ಕೈಬಿಡಬೇಕು. ಒಂದೇ ದಿನ ಇರುವವರು ಯಳಂದೂರಿನ ಬಳೆಮಂಟಪ ಮತ್ತು ಬಿಳಿಗಿರಿಯನ್ನು ನೋಡಿ, ಮಾದಪ್ಪನ ಬೆಟ್ಟಕ್ಕೆ ಬೇರೆಯದೇ ದಿನ ಇಟ್ಟುಕೊಂಡು ಮತ್ತೆ ಬರುವುದು ಲೇಸು.